ಅಂಗರಚನಾಶಾಸ್ತ್ರದ ಭಾಷೆ ಯಾವುದು?

ಗಡಿನಾಡಿನ ಕನ್ನಡ ಶಾಲೆಗೆ ಮಗುವನ್ನು ಸೇರಿಸುವ ಮುನ್ನ ಹೆತ್ತವರಾದ ನಿಮ್ಮಲ್ಲಿ ಹಲವರನ್ನು ಕಾಡುವ ಪ್ರಶ್ನೆ ಒಂದೇ: ಮುಂದೆ ವೈದ್ಯಕೀಯವನ್ನೋ ನರ್ಸಿಂಗನ್ನೋ ಓದಬೇಕೆಂದರೆ ಗತಿಯೇನು? ಆ ಕೋರ್ಸುಗಳ ಮೊದಲ ವರ್ಷದಲ್ಲೇ ಅಂಗರಚನಾಶಾಸ್ತ್ರವೂ ಶರೀರಕ್ರಿಯಾಶಾಸ್ತ್ರವೂ ಎದುರಾಗುತ್ತವೆ. ಹೊಸ ಪದಗಳು ರಾಶಿಯಾಗಿ ಬಂದು ಬೀಳುತ್ತವೆ. ಅಳುಕು ಸಹಜ. ಆದರೆ ಈ ಶಾಸ್ತ್ರ ಭಾಷೆಯಿಂದ ಭಾಷೆಗೆ ನಡೆದುಬಂದ ಹಾದಿಯನ್ನು ಒಮ್ಮೆ ನೋಡಿ.

ಮೊದಲು ಇಂಗ್ಲಿಷಿನ ಕಥೆ. ರಕ್ತವು ದೇಹದಲ್ಲಿ ಪರಿಚಲಿಸುತ್ತದೆಂದು ಸಾಧಿಸಿ ತೋರಿಸಿದ ವಿಲಿಯಂ ಹಾರ್ವೆ ಲಂಡನ್ನಿನ ವೈದ್ಯ. ಆದರೂ 1628ರಲ್ಲಿ ಪ್ರಕಟವಾದ ಆತನ ಗ್ರಂಥ ಲ್ಯಾಟಿನ್ನಿನಲ್ಲಿದೆ. ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು 1653ರಲ್ಲಿ. ಅಂದಿನ ಇಂಗ್ಲಿಷ್ ವಿದ್ಯಾರ್ಥಿಗೂ ವೈದ್ಯವಿದ್ಯೆ ಪರಭಾಷೆಯದೇ ಆಗಿತ್ತು. ಇಂದಿಗೂ ಅವನು ಕಲಿಯುವ ‘ಕ್ಲಾವಿಕಲ್’ ಲ್ಯಾಟಿನ್ನಿನ ‘ಪುಟ್ಟ ಕೀಲಿಕೈ’. ‘ಟಿಬಿಯ’ ಎಂದರೆ ಕೊಳಲು. ‘ಕಾಕ್ಲಿಯ’ ಎಂದರೆ ಬಸವನಹುಳು. ಈ ಪದಗಳನ್ನು ಲಂಡನ್ನಿನ ಮಗುವೂ ಬಾಯಿಪಾಠ ಮಾಡಿಯೇ ಕಲಿಯಬೇಕು.

ಇನ್ನು ಜಪಾನಿನ ಕಥೆ. 1771ರಲ್ಲಿ ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ಮರಣದಂಡನೆಯ ಬಯಲಿನಲ್ಲಿ ಒಂದು ಶವಚ್ಛೇದನ ನಡೆಯಿತು. ಅದನ್ನು ನೋಡಲು ಹೋದ ವೈದ್ಯರಲ್ಲಿ ಸುಗಿತಾ ಗೆನ್‌ಪಾಕು ಮತ್ತು ಮಾಯೆನೋ ರ್ಯೋತಾಕು ಇದ್ದರು. ಅವರ ಕೈಯಲ್ಲಿ ಡಚ್ ಭಾಷೆಯ ಒಂದು ಅಂಗರಚನಾ ಗ್ರಂಥವಿತ್ತು. ಅದೂ ಕುಲ್ಮುಸ್ ಎಂಬ ಜರ್ಮನ್ ವೈದ್ಯನ ಕೃತಿಯ ಅನುವಾದವೇ. ಗ್ರಂಥದ ಚಿತ್ರಗಳು ಕಣ್ಣೆದುರಿನ ದೇಹಕ್ಕೆ ತಾಳೆಯಾಗುವುದನ್ನು ಕಂಡು ಅವರು ಬೆರಗಾದರು, ಅನುವಾದಕ್ಕೆ ತೊಡಗಿದರು. ಅಲ್ಪಸ್ವಲ್ಪ ಡಚ್ ತಿಳಿದಿದ್ದವನು ರ್ಯೋತಾಕು ಒಬ್ಬನೇ. ಒಂದೊಂದು ವಾಕ್ಯಕ್ಕೆ ದಿನಗಟ್ಟಲೆ ಹಿಡಿಯುತ್ತಿದ್ದುದನ್ನು ಗೆನ್‌ಪಾಕು ಮುಪ್ಪಿನಲ್ಲಿ ನೆನೆದಿದ್ದಾನೆ. 1774ರಲ್ಲಿ ‘ಕೈತಾಯ್ ಶಿನ್‌ಶೋ’ ಪ್ರಕಟವಾಯಿತು. ಅದರ ಶೈಲಿ ಅಂದಿನ ಪಂಡಿತರ ಚೀನೀ ಭಾಷೆಯದು. ಆದರೆ ಅದಕ್ಕಾಗಿ ಕಟ್ಟಿದ ಪದಗಳು ಜಪಾನೀ ಭಾಷೆಯಲ್ಲಿ ನೆಲೆನಿಂತವು. ಮೃದುವಾದ ಎಲುಬು ಎಂಬರ್ಥದ ‘ನಾನ್‌ಕೊತ್ಸು’ ಅವುಗಳಲ್ಲೊಂದು. ನಮ್ಮ ‘ಮೃದ್ವಸ್ಥಿ’ಯ ರಚನೆಯೂ ಅದೇ.

ನಮ್ಮ ದೇಶದಲ್ಲಿ ನಡೆದದ್ದು ಬೇರೆ. 1822ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ದೇಶಭಾಷೆಯಲ್ಲಿ ಪಾಠ ಹೇಳುತ್ತಿತ್ತು. 1835ರಲ್ಲಿ ಅದನ್ನು ಮುಚ್ಚಿ, ಇಂಗ್ಲಿಷ್ ಮಾಧ್ಯಮದ ಮೆಡಿಕಲ್ ಕಾಲೇಜನ್ನು ತೆರೆಯಲಾಯಿತು. ಮರುವರ್ಷ ಅಲ್ಲಿ ಶವಚ್ಛೇದನ ಮಾಡಿ ಹೆಸರಾದ ಮಧುಸೂದನ ಗುಪ್ತರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಕಲಿಸಿದವರು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು. ದೇಶಭಾಷೆಗೆ ಅದೊಂದು ಗೆಲುವು. ಆದರೆ ನಿಜಾಮರ ರಾಜ್ಯದಲ್ಲಿದ್ದ ಬೀದರ, ರಾಯಚೂರುಗಳ ಕನ್ನಡ ಮನೆಯ ಹುಡುಗನಿಗೆ ಉರ್ದುವೂ ಕಲಿತ ಭಾಷೆಯೇ. 2022ರಲ್ಲಿ ಭೋಪಾಲದಲ್ಲಿ ಎಂ.ಬಿ.ಬಿ.ಎಸ್. ಪಠ್ಯಗಳು ಹಿಂದಿಯಲ್ಲಿ ಬಂದವು. ಅಲ್ಪಸಂಖ್ಯಾತರಾದ ನಾವು ಇದನ್ನು ಮರೆಯಬಾರದು: ರಾಜ್ಯಭಾಷೆಗೆ ಬಾಗಿಲು ತೆರೆದಾಗಲೆಲ್ಲ ನಮ್ಮ ಭಾಷೆಗೂ ತೆರೆಯುತ್ತದೆಂದಲ್ಲ.

ಹಾಗಾದರೆ ಕನ್ನಡದಿಂದ ಮಗುವಿಗೆ ದೊರೆಯುವುದೇನು? ಹಾರ್ವೆಯ ತರ್ಕವನ್ನೇ ಇಂದಿನ ಲೆಕ್ಕದಲ್ಲಿ ನೋಡಿ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 72 ಬಡಿತವಾದರೆ ಸುಮಾರು 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ನಿಮಿಷಕ್ಕೆ ಅಷ್ಟು ರಕ್ತ ಹೊಸದಾಗಿ ಹುಟ್ಟಲಾರದು. ಆದ್ದರಿಂದ ಅದೇ ರಕ್ತ ಸುತ್ತಿ ಬರಲೇಬೇಕು. ಏಳನೆಯ ತರಗತಿಯ ಮಗು ಇದನ್ನು ಕನ್ನಡದಲ್ಲಿ ಗ್ರಹಿಸಿದರೆ, ಕಾಲೇಜಿನಲ್ಲಿ ‘ಕಾರ್ಡಿಯಾಕ್ ಔಟ್‌ಪುಟ್’ ಎಂಬ ಹೆಸರು ಹೊಸದಾಗಿದ್ದೀತು, ವಿಷಯ ಹೊಸದಾಗದು. ಅರ್ಥವಾಗದೆ ಉರುಹೊಡೆದ ಮಗುವಿಗೆ ಎರಡೂ ಹೊಸತೇ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಅದನ್ನು ಸೇರಿಸಿದ್ದು ನಮ್ಮಂಥವರಿಗಾಗಿಯೇ. ಆ ಹಕ್ಕನ್ನು ಬಿಟ್ಟುಕೊಡಬೇಡಿ. ಜತೆಗೆ ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿ ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬರೆದಿಡಲು ಮಕ್ಕಳಿಗೆ ಹೇಳಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಅದು ಕರ್ನಾಟಕದೊಳಗಿನ ಕೇಂದ್ರಗಳಿಗೆ ಮೀಸಲು. ಕಾಸರಗೋಡಿನ ಮಗು ಮಂಗಳೂರಿನಂಥ ಕೇಂದ್ರವನ್ನು ಆರಿಸಿಕೊಳ್ಳಬೇಕಾಗುತ್ತದೆ. ಅರ್ಜಿ ತುಂಬುವ ಮುನ್ನ ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಭಾಷೆ ಮತ್ತು ಕೇಂದ್ರದ ನಿಯಮವನ್ನು ತಪ್ಪದೆ ಓದಿ. ಈ ನಿಯಮ ಗಡಿಯಾಚೆಯ ಕನ್ನಡ ಮಕ್ಕಳಿಗೂ ಅನ್ವಯಿಸುವಂತೆ ಬದಲಾಗಬೇಕೆಂದು ನಾವೆಲ್ಲ ಒಟ್ಟಾಗಿ ಕೇಳಬೇಕಾಗಿದೆ.