ಮಹಾವೀರಾಚಾರ್ಯನ ಸಂಖ್ಯಾಕಂಠಿಕೆ

ನೃಪತುಂಗನೆಂದೊಡನೆ ಕನ್ನಡಿಗರಿಗೆ ಕವಿರಾಜಮಾರ್ಗವು ನೆನಪಾಗುವುದು ಸಹಜವೇ ಸರಿ. ಆದರೆ ಅದೇ ಅಮೋಘವರ್ಷನ ಆಳಿಕೆಯಲ್ಲಿ, ಕ್ರಿ. ಶ. 850ರ ಸುಮಾರಿಗೆ, ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ರಚಿಸಿದನೆಂಬುದೂ, ಅದರ ಆರಂಭದಲ್ಲಿ ಆ ದೊರೆಯ ಪ್ರಶಂಸೆಯಿದೆಯೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಗ್ರಂಥದಲ್ಲಿ ಬರುವ ಒಂದು ಪೂರ್ಣಾಂಕವು ವಿಚಾರಾರ್ಹವಾಗಿದೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಸಂಖ್ಯೆಯೆಂದು ಆಚಾರ್ಯನು ಅದನ್ನು ಮಾತಿನಲ್ಲಿಯೇ ನಿರ್ದೇಶಿಸಿದ್ದಾನೆ. ಅಂಕೆಗಳಲ್ಲಿ ಬರೆದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಇಂತಹ ಸಂಖ್ಯೆಗಳಿಗೆ ಆತನು ಕಂಠಾಭರಣ, ರಾಜಕಂಠಿಕೆ ಎಂಬ ಹೆಸರುಗಳನ್ನಿಟ್ಟನು. ಯಾವ ತುದಿಯಿಂದ ಹಿಡಿದರೂ ಹಾರವು ಹಾರವೇ ಅಲ್ಲವೆ!

27994681ನ್ನು 441ರಿಂದ ಗುಣಿಸಿದರೆ ಈ ಹಾರವು ದೊರೆಯುತ್ತದೆ. ಇದು ವಿದ್ಯಾರ್ಥಿಗಳ ಮನೋರಂಜನೆಗಾಗಿ ಕಟ್ಟಿದ ಲೆಕ್ಕವಷ್ಟೆ ಎಂದು ತಳ್ಳಿಹಾಕುವವರುಂಟು. ಅದು ಅವಸರದ ಮಾತು. ಗುಣ್ಯ ಗುಣಕಗಳೆರಡನ್ನೂ ಪರೀಕ್ಷಿಸಿದರೆ 441 ಎಂಬುದು 21ರ ವರ್ಗವೆಂದೂ, 27994681 ಎಂಬುದು 5291ರ ವರ್ಗವೆಂದೂ ತಿಳಿಯುತ್ತದೆ. 21 ಮತ್ತು 5291ರ ಗುಣಲಬ್ಧವು 111111. ಆದಕಾರಣ ನಮ್ಮ ಕಂಠಿಕೆಯು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. ಆ ಆರು ಒಂದುಗಳಾದರೋ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅವುಗಳಲ್ಲಿ ಮೊದಲೆರಡನ್ನು ಒಂದು ಕಡೆಗೂ ಉಳಿದ ಮೂರನ್ನು ಇನ್ನೊಂದು ಕಡೆಗೂ ಇರಿಸಿ ವರ್ಗಿಸಿದೆ. ಇದು ಕಾಕತಾಳೀಯವಾಗಿ ಒದಗುವ ಸಂಗತಿಯೆ?

ಗ್ರಂಥದ ಇತರ ಹಾರಗಳೂ ಇದಕ್ಕೆ ಸಾಕ್ಷಿಯಾಗಿವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಉದಾಹರಣೆಯ ಪದ್ಯವು ಗುಣಿಸಿ ಹೇಳೆಂದು ಕೇಳುವುದೇ ಹೊರತು, ಅಂಕೆಗಳು ದೊರೆತ ಬಗೆಯನ್ನು ಬಿಚ್ಚಿ ತೋರಿಸುವುದಿಲ್ಲ. ಆದರೂ ಹಾರವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು, ಅದರ ಭಾಜಕಗಳನ್ನು ಅರಸಿ, ಬಳಿಕ ಪ್ರಶ್ನೆಯನ್ನು ಹೆಣೆದಿರಬೇಕೆಂದು ಊಹಿಸುವುದೇ ಯುಕ್ತ. ಶಿಷ್ಯನು ಗುಣಾಕಾರವನ್ನು ಕಲಿಯುತ್ತಿರುವಾಗ ಗುರುವು ತೆರೆಯ ಹಿಂದೆ ಭಾಗಾಹಾರವನ್ನು ಮಾಡಿ ಮುಗಿಸಿದ್ದನು!

ಈ ಏರಿಳಿತಕ್ಕೂ ಒಂದು ಮೇರೆಯುಂಟು. ಒಂಬತ್ತು ಒಂದುಗಳ ವರ್ಗವು 12345678987654321 ಆಗಿ ಹಾರವು ಪೂರ್ಣವಾಗಿರುತ್ತದೆ. ಹತ್ತು ಒಂದುಗಳನ್ನು ವರ್ಗಿಸಿದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಬಂದು, ದಶಕವು ಎಡಕ್ಕೆ ಸರಿದು, 1234567900987654321 ಎಂದಾಗಿ ಹಾರವು ಕಡಿದುಹೋಗುತ್ತದೆ.

ಆಚಾರ್ಯನಲ್ಲಿ ದೋಷವೇ ಇಲ್ಲವೆಂದಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸರಿಯಾಗಿ ಕಂಡ ಆತನೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ವಿಕಾರಹೊಂದುವುದಿಲ್ಲವೆಂದು ಹೇಳಿ ಎಡವಿದನು.

ಗ್ರಂಥವು ಬಹುಕಾಲ ಓಲೆಗರಿಗಳಲ್ಲಿಯೇ ಉಳಿದಿತ್ತು. 1912ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮುದ್ರಣಕ್ಕೆ ತಂದರು. ನೃಪತುಂಗನ ನಾಡಿನ ಭಾಷೆಯಲ್ಲಿ ಅದರ ಅನುವಾದವು ಹೊಂಬುಜದಿಂದ ಪ್ರಕಟವಾದುದು 2000ರಲ್ಲಿ.