ಬಂದೂಕು ಕೆಳಗಿಟ್ಟವನ ಸಂಬಳ

(ಬಾನುಲಿ ಭಾಷಣ)

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಂಧಿಪತ್ರಕ್ಕೆ ರುಜು ಬಿದ್ದ ದಿನ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಆಮೇಲಿನದು ಗುಮಾಸ್ತರ ಕಥೆ; ಹೆಸರಿನ ಪಟ್ಟಿ, ರಸೀತಿ, ಲಾರಿ ಬಾಡಿಗೆ, ಬಿತ್ತನೆ ಬೀಜದ ಚೀಲ ಇವುಗಳ ಕಥೆ. ಅದನ್ನು ಓದುವವರು ಕಡಮೆ. ಆದರೆ ಹದಿನಾರು ವರ್ಷ ತನ್ನೊಳಗೆ ತಾನೇ ಹೊಡೆದಾಡಿದ ಒಂದು ದೇಶ ಹದಿನೇಳನೆಯ ವರ್ಷದಲ್ಲಿ ಹೊಡೆದಾಡದೆ ಉಳಿಯಿತೆಂದರೆ ಅದರ ಕಾರಣವನ್ನು ನಾವು ಹುಡುಕಬೇಕಾದದ್ದು ಆ ಗುಮಾಸ್ತರ ಕಡತಗಳಲ್ಲಿಯೇ. ಅಂಥ ಒಂದು ದೇಶದ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅದು ಆಫ್ರಿಕದ ಪೂರ್ವ ಕರಾವಳಿಯ ಮೊಜಾಂಬಿಕ್.

ಈ ದೇಶ ನಮಗೆ ತೀರ ಅಪರಿಚಿತವೇನೂ ಅಲ್ಲ. ನಮ್ಮ ಪಡುಗಡಲಿನ ಆಚೆಯ ದಡದಲ್ಲಿರುವುದು ಅದು. ಗೋವೆಯನ್ನು ಆಳಿದ ಪೋರ್ಚುಗೀಸರೇ ಅದನ್ನೂ ಆಳಿದರು. ಬ್ರೆಜಿಲಿನ ಗೇರುಮರವನ್ನು ಇಲ್ಲಿಗೂ ತಂದರು, ಅಲ್ಲಿಗೂ ಒಯ್ದರು. ಸ್ವಾತಂತ್ರ್ಯಕ್ಕೆ ಮೊದಲೇ ಮಂಗಳೂರಿನ ಮತ್ತು ಕೊಲ್ಲಂನ ಗೇರುಬೀಜದ ಕಾರ್ಖಾನೆಗಳಿಗೆ ಪೂರ್ವ ಆಫ್ರಿಕದ ಹಸಿಬೀಜ ಹಡಗಿನಲ್ಲಿ ಬರುತ್ತಿತ್ತು. ಈ ಗೇರುಬೀಜದ ಮಾತಿಗೆ ಆಮೇಲೆ ಬರುತ್ತೇನೆ, ಅದಕ್ಕೆ ಕಾರಣವಿದೆ.

ಮೊಜಾಂಬಿಕ್ ಸ್ವತಂತ್ರವಾದದ್ದು 1975ರ ಜೂನ್ 25ರಂದು. ಪೋರ್ಚುಗೀಸ್ ನೆಲಸಿಗರು ಬಹುಪಾಲು ಊರು ಬಿಟ್ಟು ಹೋದರು. ರೈಲು ಓಡಿಸುವವರು, ಅಂಗಡಿ ನಡೆಸುವವರು, ಲೆಕ್ಕ ಬರೆಯುವವರು ಎಲ್ಲರೂ ಅವರೇ ಆಗಿದ್ದರು. ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಅಧಿಕಾರಕ್ಕೆ ಬಂದ ಫ್ರೆಲಿಮೊ ಪಕ್ಷದ ನಾಯಕ ಸಮೋರಾ ಮಾಷೆಲ್ ಮಾರ್ಕ್ಸ್‌ವಾದಿ; ಪಕ್ಕದ ರೊಡೀಷಿಯದ ಬಿಳಿಯರ ಆಳ್ವಿಕೆಗೆ ಅವನು ಕಣ್ಣಿನ ಕಸ. ರೊಡೀಷಿಯದ ಗುಪ್ತಚಾರರು ಕಟ್ಟಿ ಬೆಳೆಸಿದ ದಂಗೆಕೋರರ ಪಡೆಯೇ ರೆನಾಮೊ. 1980ರಲ್ಲಿ ರೊಡೀಷಿಯ ಹೋಗಿ ಜಿಂಬಾಬ್ವೆ ಆದಾಗ ಅದನ್ನು ಸಾಕುವ ಹೊಣೆಯನ್ನು ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರ ಹೊತ್ತುಕೊಂಡಿತು. ಹಾಗೆಂದು ಇದು ಬರಿಯ ಹೊರಗಿನವರ ಕೈವಾಡ ಎಂದು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಹೊಲದ ಬದಿಯ ಗುಡಿಸಲನ್ನು ಬಿಟ್ಟು ಸರ್ಕಾರ ಕಟ್ಟಿದ ಸಾಮೂಹಿಕ ಗ್ರಾಮಗಳಿಗೆ ಹೋಗಿರೆಂದು ರೈತರನ್ನು ಎಬ್ಬಿಸಿದ್ದು, ಊರ ಮುಖಂಡರನ್ನು ಮೂಲೆಗೆ ತಳ್ಳಿದ್ದು, ಇವು ಕೂಡ ದಂಗೆಗೆ ಸೌದೆಯಾದವು. ರೆನಾಮೊ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಸುಟ್ಟಿತು. ಹಳ್ಳಿಯ ಹುಡುಗರನ್ನು ಹಿಡಿದೊಯ್ದು ಸೈನಿಕರನ್ನಾಗಿ ಮಾಡಿತು. ಸರ್ಕಾರದ ಸೈನ್ಯವೂ ಯುವಕರನ್ನು ಹೆಚ್ಚಾಗಿ ಬಲವಂತದಿಂದಲೇ ಸೇರಿಸಿಕೊಂಡಿತು. ಯುದ್ಧ ಮತ್ತು ಅದರ ಜೊತೆಗಾರನಾದ ಹಸಿವು ಕೂಡಿ ಸುಮಾರು ಹತ್ತು ಲಕ್ಷ ಜನರನ್ನು ತೆಗೆದುಕೊಂಡವೆಂದು ಅಂದಾಜು. ಹದಿನೇಳು ಲಕ್ಷ ಮಂದಿ ನೆರೆಯ ದೇಶಗಳಿಗೆ ಓಡಿದರು. ಅವರಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದವರಿಗೆ ನೆಲೆ ಕೊಟ್ಟದ್ದು ತಾನೇ ಬಡದೇಶವಾದ ಪುಟ್ಟ ಮಲಾವಿ.

1986ರಲ್ಲಿ ಮಾಷೆಲ್ ವಿಮಾನಾಪಘಾತದಲ್ಲಿ ಸತ್ತ. ಬಳಿಕ ಬಂದ ಜೋಆಕಿಂ ಶಿಸಾನೊ ಸಂಧಾನದ ದಾರಿಯನ್ನು ಹಿಡಿದ. 1990ರಿಂದ ಎರಡು ವರ್ಷಗಳಿಗೂ ಮಿಕ್ಕಿ ರೋಮ್ ನಗರದಲ್ಲಿ, ಸಂತ ಎಜಿದಿಯೊ ಎಂಬ ಕ್ರೈಸ್ತ ಸಮುದಾಯದ ಆಶ್ರಯದಲ್ಲಿ ಮಾತುಕತೆ ನಡೆಯಿತು. 1992ರ ಅಕ್ಟೋಬರ್ 4ರಂದು ಶಿಸಾನೊ ಮತ್ತು ರೆನಾಮೊದ ಅಫಾನ್ಸೊ ಡ್ಲಕಾಮಾ ಒಪ್ಪಂದಕ್ಕೆ ರುಜು ಹಾಕಿದರು. ಆ ವರ್ಷ ದಕ್ಷಿಣ ಆಫ್ರಿಕ ಖಂಡಭಾಗವನ್ನೆಲ್ಲ ಸುಟ್ಟ ಘೋರ ಬರ. ಸೈನಿಕರಿಗೆ ತಿನ್ನಲು ಹಳ್ಳಿಗಳಲ್ಲಿ ಏನೂ ಉಳಿದಿರಲಿಲ್ಲ. ಶಾಂತಿಗೆ ಧರ್ಮಬುದ್ಧಿ ಎಷ್ಟು ಕಾರಣವೋ ಬರಿಹೊಟ್ಟೆಯೂ ಅಷ್ಟೇ ಕಾರಣವೆಂದು ನನಗೆ ತೋರುತ್ತದೆ. ರುಜು ಬಿದ್ದ ಮೇಲೆ ಮಳೆಯೂ ಬಂತು.

ಇಲ್ಲಿಂದ ಮುಂದೆ ಗುಮಾಸ್ತರ ಕಥೆ ತೊಡಗುತ್ತದೆ. 1992ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಂದು ಶಾಂತಿಪಾಲನಾ ಕಾರ್ಯವನ್ನು ಮಂಜೂರು ಮಾಡಿತು. ಅದರ ಮುಖ್ಯಸ್ಥ ಇಟಲಿಯ ಆಲ್ಡೊ ಆಯೆಲ್ಲೊ. ಬಂದ ಪಡೆಗಳಲ್ಲಿ ನಮ್ಮ ಭಾರತೀಯ ಸೇನೆಯ ಇಂಜಿನಿಯರ್ ತುಕಡಿಗಳೂ ಇದ್ದವು. ಕಾಗದದ ಮೇಲಿನ ಯೋಜನೆಯಂತೆ ಒಂದೇ ವರ್ಷದಲ್ಲಿ ಎರಡೂ ಕಡೆಯ ಸೈನಿಕರು ಶಿಬಿರಗಳಿಗೆ ಬಂದು ಆಯುಧ ಒಪ್ಪಿಸಿ, ಹೊಸ ಸೈನ್ಯ ರಚನೆಯಾಗಿ, ಚುನಾವಣೆಯೂ ಮುಗಿಯಬೇಕು. ನಡೆದದ್ದು ಬೇರೆ. ಪಡೆಗಳು ಬರುವುದೇ ತಡವಾಯಿತು. ದೇಶದುದ್ದಕ್ಕೂ 49 ಶಿಬಿರಗಳನ್ನು ಗುರುತಿಸಿದ್ದರು. ಮೊದಲ ಸೈನಿಕರು ಅವುಗಳಿಗೆ ಬಂದು ಸೇರುವ ವೇಳೆಗೆ 1993ರ ಕೊನೆಯಾಗಿತ್ತು. ಕೆಲವು ವಾರ ಇರಬೇಕಾದ ಕಡೆ ಅವರು ತಿಂಗಳುಗಟ್ಟಲೆ ಕೂತರು. ಯಾರು ಮೊದಲು ಬಂದೂಕು ಬಿಡಬೇಕು ಎಂದು ನಾಯಕರು ರಾಜಧಾನಿಯಲ್ಲಿ ಚೌಕಾಸಿ ನಡೆಸಿದ್ದರೆ ಶಿಬಿರಗಳಲ್ಲಿ ಸೈನಿಕರು ದಂಗೆಯೆದ್ದರು. ರಸ್ತೆಗಳಿಗೆ ಅಡ್ಡ ಕಟ್ಟಿದರು, ಅಧಿಕಾರಿಗಳನ್ನು ಹಿಡಿದಿಟ್ಟುಕೊಂಡರು. ಅವರ ಬೇಡಿಕೆಯನ್ನು ಕೇಳಿದರೆ ಆಶ್ಚರ್ಯವಾದೀತು: ನಮ್ಮನ್ನು ಮನೆಗೆ ಕಳುಹಿಸಿ! ಎರಡೂ ಕಡೆಯವರು ಕೂಡಿ ಮೂವತ್ತು ಸಾವಿರ ಜನರ ಹೊಸ ಸೈನ್ಯ ಕಟ್ಟಬೇಕೆಂದು ಒಪ್ಪಂದದಲ್ಲಿತ್ತು. ಸ್ವಇಚ್ಛೆಯಿಂದ ಮುಂದೆ ಬಂದವರು ಸುಮಾರು ಹನ್ನೆರಡು ಸಾವಿರ ಮಾತ್ರ. ಕುಳಿತು ಒಪ್ಪಂದ ಬರೆದ ಯಾರಿಗೂ ಇದು ಹೊಳೆದಿರಲಿಲ್ಲ. ಪಾಲು ಹಂಚುವುದಕ್ಕೆಂದು ಅಷ್ಟು ಜಗಳವಾಡಿ ಸಿದ್ಧಪಡಿಸಿದ ಎಲೆಗೆ ಉಣ್ಣುವವರೇ ಬರಲಿಲ್ಲ.

ಹೀಗೆ ಮನೆಗೆ ಹೊರಟವರು ತೊಂಬತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸರ್ಕಾರಿ ಸೈನಿಕರು ಎಪ್ಪತ್ತು ಸಾವಿರದಷ್ಟು, ರೆನಾಮೊದವರು ಇಪ್ಪತ್ತು ಸಾವಿರದಷ್ಟು. ಅನೇಕರು ಬಾಲ್ಯದಲ್ಲೇ ಬಂದೂಕು ಹಿಡಿದವರು. ಬೇರೆ ಕಸುಬು ಕಲಿತವರಲ್ಲ. ಇವರನ್ನು ಏನು ಮಾಡುವುದು? ತರಬೇತಿ ಕೇಂದ್ರ ತೆರೆಯಿರಿ, ಬಡಗಿ ಕೆಲಸ, ಗಾರೆ ಕೆಲಸ ಕಲಿಸಿರಿ, ಕಲಿತವನಿಗೆ ಮಾತ್ರ ನೆರವು ಕೊಡಿರಿ ಎಂಬುದು ಕೆಲವು ತಜ್ಞರ ಸಲಹೆ. ಅದು ಕೇಳಲು ವಿವೇಕದ ಮಾತೇ. ಆದರೆ ಕಾರ್ಖಾನೆಯಿಲ್ಲದ, ಕೊಳ್ಳುವವರಿಲ್ಲದ ನಾಡಿನಲ್ಲಿ ತೊಂಬತ್ತು ಸಾವಿರ ಬಡಗಿಗಳಿಗೆ ಮರ ಯಾರು ಕೊಡಬೇಕು? ತರಬೇತಿಯ ಯೋಜನೆಗಳು ಇದ್ದವು, ಅವು ಮುಟ್ಟಿದ್ದು ಕೆಲವರನ್ನು. ಎಲ್ಲರನ್ನೂ ಮುಟ್ಟಿದ್ದು ಬಹು ಸರಳವಾದ ಇನ್ನೊಂದು ಏರ್ಪಾಡು. ಬಂದೂಕು ಕೊಟ್ಟವನನ್ನು ಒಂದೇ ಪ್ರಶ್ನೆ ಕೇಳಿದರು: ನೀನು ಹೋಗಬೇಕಾದ ಊರು ಯಾವುದು? ಅವನು ಹೇಳಿದ ಜಿಲ್ಲೆಗೆ ಅವನನ್ನೂ ಅವನ ಸಂಸಾರವನ್ನೂ ವಾಹನದಲ್ಲಿ ಕಳಿಸಿದರು. ಒಂದಿಷ್ಟು ದಿನಸಿ, ಬಿತ್ತನೆ ಬೀಜ, ಗುದ್ದಲಿ ಕೊಟ್ಟರು. ಮೇಲೆ ಒಂದು ಚೀಟಿ ಪುಸ್ತಕ. ಆ ಜಿಲ್ಲೆಯ ಬ್ಯಾಂಕಿನ ಶಾಖೆಯಲ್ಲಿ ಅವಧಿಗೊಮ್ಮೆ ಚೀಟಿ ಕೊಟ್ಟರೆ ಹಣ ಸಿಗುತ್ತಿತ್ತು. ಆರು ತಿಂಗಳ ಭಾರ ಸರ್ಕಾರದ್ದು, ಹದಿನೆಂಟು ತಿಂಗಳದು ದಾನಿ ದೇಶಗಳ ನಿಧಿಯದು. ಒಟ್ಟು ಎರಡು ವರ್ಷ. ಆ ಹಣದಿಂದ ಏನು ಮಾಡಿದೆ ಎಂದು ಯಾರೂ ಕೇಳುವಂತಿರಲಿಲ್ಲ.

ಕುಡಿದು ಹಾಳುಮಾಡುತ್ತಾರೆ ಎಂದು ಮೂಗು ಮುರಿದವರುಂಟು. ಕೊಲೆಗಡುಕರಿಗೆ ಬಹುಮಾನವೇ ಎಂದು ನೊಂದು ಕೇಳಿದವರೂ ಉಂಟು. ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಯೋಜನೆಯ ಒಳಗುಟ್ಟನ್ನು ಗಮನಿಸಬೇಕು. ಹಣ ಸಿಗುವುದು ಊರಿನ ಹತ್ತಿರದ ಬ್ಯಾಂಕಿನಲ್ಲಿ. ದಂಡನಾಯಕನ ಕೈಯಿಂದ ಅಲ್ಲ, ರಾಜಧಾನಿಯಲ್ಲಿ ಅಲ್ಲ. ಒಂದೇ ತುಕಡಿಯಲ್ಲಿದ್ದವರು ಹತ್ತು ದಿಕ್ಕಿಗೆ ಚದುರಿದರು. ಎರಡು ವರ್ಷವೆಂದರೆ ಎರಡು ಮಳೆಗಾಲ, ಎರಡು ಸುಗ್ಗಿ. ಮೊದಲ ಬೆಳೆ ಕೈಕೊಟ್ಟರೂ ಇನ್ನೊಂದನ್ನು ನೋಡುವಷ್ಟು ಕಾಲ ಹಸಿವಿಗಾಗಿ ಮತ್ತೆ ಬಂದೂಕು ಹುಡುಕಬೇಕಾಗಿರಲಿಲ್ಲ. ಮೊತ್ತ ದೊಡ್ಡದಲ್ಲ, ಆದರೆ ಕಾಸೇ ಕಾಣದಿದ್ದ ಹಳ್ಳಿಯಲ್ಲಿ ನಗದು ತರುವ ಅಳಿಯನಿಗೆ, ತಮ್ಮನಿಗೆ ಒಂದು ಸ್ಥಾನ ದೊರಕಿತು.

ಇನ್ನೊಂದು ಕೆಲಸವನ್ನು ಯಾವ ನಿಧಿಯೂ ಮಾಡಲಿಲ್ಲ, ಹಳ್ಳಿಗಳೇ ಮಾಡಿದವು. ಕೊಂದು ಬಂದವನು ಸತ್ತವರ ಪ್ರೇತವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾನೆಂಬುದು ಅಲ್ಲಿನ ನಂಬಿಕೆ. ಊರ ಮಂತ್ರವಾದಿ ಅವನನ್ನು ಹೊರಗೆ ನಿಲ್ಲಿಸಿ ಗಿಡಮೂಲಿಕೆಯ ನೀರಿನಲ್ಲಿ ಮೀಯಿಸಿ, ಯುದ್ಧಕಾಲದ ಬಟ್ಟೆಯನ್ನು ಸುಡಿಸಿ, ಪಿತೃಗಳಿಗೆ ಅರಿಕೆ ಮಾಡಿ ಒಳಗೆ ಕರೆದುಕೊಳ್ಳುತ್ತಿದ್ದ. ಇಂಥ ವಿಧಿಗಳನ್ನು ಮಾನವಶಾಸ್ತ್ರಜ್ಞರು ವಿವರವಾಗಿ ದಾಖಲಿಸಿದ್ದಾರೆ. ಏನು ಮಾಡಿದೆ ಎಂದು ವಿಚಾರಿಸುವ ನ್ಯಾಯಾಲಯ ಮೊಜಾಂಬಿಕಿನಲ್ಲಿ ಕೂರಲಿಲ್ಲ. ಒಪ್ಪಂದದ ಬೆನ್ನಿಗೇ ಕ್ಷಮಾದಾನದ ಕಾನೂನು ಬಂತು. ಮಡುಗಟ್ಟಿದ ದುಃಖಕ್ಕೆ ದೊರೆತ ವಿಚಾರಣೆ ಆ ಮೂಲಿಕೆಯ ನೀರು ಮಾತ್ರ. ನಿರಾಶ್ರಿತರೂ ಹಾಗೆಯೇ, ವಿಶ್ವಸಂಸ್ಥೆಯ ಲಾರಿಗಳಿಗೆ ಕಾಯಲಿಲ್ಲ. ಹದಿನೇಳು ಲಕ್ಷ ಜನರಲ್ಲಿ ಬಹುಪಾಲು ತಾವೇ ಗಂಟುಮೂಟೆ ಕಟ್ಟಿ ಗಡಿ ದಾಟಿ ನಡೆದರು. ಮೊದಲು ಮನೆಯ ಒಬ್ಬ ಗಂಡಾಳು ಹೋಗಿ ಹೊಲ ನೋಡಿ ಬರುವುದು, ಬಿತ್ತುವ ಹೊತ್ತಿಗೆ ಉಳಿದವರು ಹೊರಡುವುದು. ಹೊಲದಲ್ಲಿ ನೆಲಬಾಂಬುಗಳಿದ್ದವು. ಅವನ್ನು ಅಗೆದು ತೆಗೆದು ಮುಗಿಸಿದೆವೆಂದು ಸರ್ಕಾರ ಸಾರಿದ್ದು 2015ರ ಸೆಪ್ಟೆಂಬರಿನಲ್ಲಿ, ಒಪ್ಪಂದವಾದ ಇಪ್ಪತ್ತಮೂರು ವರ್ಷಗಳಿಗೆ.

ಪಟ್ಟಿಯಿಂದ ಬಿಟ್ಟುಹೋದವರ ಮಾತನ್ನೂ ಹೇಳಬೇಕು. ರೆನಾಮೊ ಹಿಡಿದೊಯ್ದ ಹೆಂಗಸರು ವರ್ಷಗಟ್ಟಲೆ ಮದ್ದುಗುಂಡಿನ ಹೊರೆ ಹೊತ್ತಿದ್ದರು, ಅಡುಗೆ ಮಾಡಿದ್ದರು, ಬಲವಂತದ ಹೆಂಡಿರಾಗಿದ್ದರು. ಬಂದೂಕು ಒಪ್ಪಿಸಿದವನಿಗೆ ಚೀಟಿ ಪುಸ್ತಕ. ಅವರ ಕೈಯಲ್ಲಿ ಒಪ್ಪಿಸಲು ಬಂದೂಕಿರಲಿಲ್ಲ.

1994ರ ಅಕ್ಟೋಬರ್ 27ರಿಂದ 29ರವರೆಗೆ ಚುನಾವಣೆ ನಡೆಯಿತು. ರೆನಾಮೊವನ್ನು ಕಾಡಿನಿಂದ ಊರಿಗೆ ತಂದು ಪಕ್ಷವನ್ನಾಗಿ ಮಾಡಲು ಇಟಲಿ ಮೊದಲಾದ ದೇಶಗಳು ಒಂದೂವರೆ ಕೋಟಿ ಡಾಲರಿಗೂ ಮಿಗಿಲಾದ ನಿಧಿಯನ್ನು ಕೂಡಿಸಿದ್ದವು. ಲಂಚವೆಂದರೆ ಲಂಚ, ರಾಜನೀತಿಯೆಂದರೆ ರಾಜನೀತಿ. ಮತದಾನದ ಹಿಂದಿನ ದಿನ ಡ್ಲಕಾಮಾ ಬಹಿಷ್ಕಾರ ಹೂಡಿದ; ರಾಯಭಾರಿಗಳೆಲ್ಲ ಬೆನ್ನುಹತ್ತಿದ ಮೇಲೆ ಹಿಂದೆಗೆದ. ಶಿಸಾನೊಗೆ ನೂರಕ್ಕೆ ಐವತ್ತಮೂರು, ಅವನಿಗೆ ಮೂವತ್ತನಾಲ್ಕರ ಹತ್ತಿರ ಮತ ಬಂದವು. ಸೋಲನ್ನು ಒಪ್ಪಿದ. ವಿಶ್ವಸಂಸ್ಥೆ ಕೆಲವೇ ವಾರಗಳಲ್ಲಿ ಗಂಟು ಕಟ್ಟಿತು.

ಈಗ ಗೇರುಬೀಜ. ಸೈನಿಕನಿಗೆ ಚೀಟಿ ಪುಸ್ತಕ ಕೊಟ್ಟ ಅದೇ ವರ್ಷಗಳಲ್ಲಿ ಚೇತರಿಕೆಯ ಇನ್ನೊಂದು ಕಾರ್ಯಕ್ರಮವೂ ನಡೆದಿತ್ತು. ಅದರ ಯಜಮಾನಿಕೆ ವಿಶ್ವಬ್ಯಾಂಕಿನದು. ಒಂದು ಕಾಲಕ್ಕೆ ಗೇರುಬೀಜ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಾಗಿದ್ದ ಮೊಜಾಂಬಿಕಿನಲ್ಲಿ ಬೀಜ ಒಡೆದು ಸಂಸ್ಕರಿಸುವ ಕಾರ್ಖಾನೆಗಳಿದ್ದವು. ಅವನ್ನು ಖಾಸಗಿಯವರಿಗೆ ಮಾರಿಸಿದರು. ಮಾರಾಟದ ಬೆನ್ನಿಗೇ, ಹಸಿಬೀಜದ ರಫ್ತಿನ ಮೇಲಿದ್ದ ತೆರಿಗೆಯನ್ನು ಇಳಿಸಬೇಕೆಂದು ವಿಶ್ವಬ್ಯಾಂಕು 1995ರಲ್ಲಿ ಸಾಲಕ್ಕೆ ಷರತ್ತು ಹಾಕಿತು. ರೈತನಿಗೆ ಒಳ್ಳೆಯ ಬೆಲೆ ಸಿಗುವುದೆಂಬುದು ವಾದ. ಬೀಜ ಭಾರತಕ್ಕೆ ಹೊರಟಿತು. ನಮ್ಮ ಕಾರ್ಖಾನೆಗಳಲ್ಲಿ ಕಡಮೆ ಕೂಲಿಗೆ ಕುಳಿತು ಕೈಯಲ್ಲಿ ಬೀಜ ಒಡೆಯುವ ಹೆಂಗಸರೊಡನೆ ಅಲ್ಲಿಯ ಯಂತ್ರಗಳು ಪೈಪೋಟಿ ನಡೆಸಲಾರದೆ ಹೋದವು. ಸುಮಾರು ಹತ್ತು ಸಾವಿರ ಮಂದಿ ದುಡಿಯುತ್ತಿದ್ದ ಆ ಉದ್ದಿಮೆಯಲ್ಲಿ 2001ರ ಹೊತ್ತಿಗೆ ಬಹುತೇಕರು ಕೆಲಸ ಕಳೆದುಕೊಂಡಿದ್ದರು. ಹಾರ್ವರ್ಡಿನ ಡಾನಿ ರಾಡ್ರಿಕ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಹಾಕಿದಂತೆ ಗೇರು ಬೆಳೆಯುವ ಕುಟುಂಬವೊಂದಕ್ಕೆ ಇದರಿಂದಾದ ಲಾಭ ವರ್ಷಕ್ಕೆ ಸರಾಸರಿ ಐದು ಡಾಲರು ಮೂವತ್ತು ಸೆಂಟು, ಅದಕ್ಕಿಂತ ಹೆಚ್ಚಿರಲಾರದು. ಅಲ್ಲಿಯ ಸಂಸತ್ತು 1999ರಲ್ಲಿ ತೆರಿಗೆಯನ್ನು ಮತ್ತೆ ಏರಿಸಿತು, ಆದರೆ ಮುಚ್ಚಿದ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ. ನಮ್ಮ ಕರಾವಳಿಯ ಕೂಲಿ ಹೆಂಗಸಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ತಪ್ಪೂ ಇದರಲ್ಲಿಲ್ಲ. ಆದರೆ ಅಲ್ಲಿ ಕೆಲಸ ಹೋದವಳಿಗೆ ಯಾರೂ ಎರಡು ವರ್ಷದ ಚೀಟಿ ಪುಸ್ತಕ ಕೊಡಲಿಲ್ಲವೆಂಬುದನ್ನು ನಾನು ಮರೆಯಲಾರೆ. ಅವಳು ಯಾರ ಮೇಲೂ ಗುಂಡು ಹಾರಿಸಿದವಳಲ್ಲ.

ಎರಡು ವರ್ಷದ ಹಣ ಕೊಂಡುಕೊಟ್ಟದ್ದು ಕಾಲವನ್ನು. ಕೊಂಡವರು ಅದನ್ನೇ ಕಾರ್ಯಸಿದ್ಧಿಯೆಂದು ಬಗೆದು ವರದಿ ಬರೆದು ಹೊರಟುಹೋದರು. ರೆನಾಮೊ ತನ್ನ ನಾಯಕನ ರಕ್ಷಣೆಗೆಂದು ಉಳಿಸಿಕೊಂಡಿದ್ದ ಸಶಸ್ತ್ರ ಕಾವಲುಪಡೆಯನ್ನು ಚುನಾವಣೆಯ ಬಳಿಕವೂ ವಿಸರ್ಜಿಸಲಿಲ್ಲ. ಸರ್ಕಾರ ಅದನ್ನು ತನ್ನ ಪೊಲೀಸು ಪಡೆಗೆ ಸೇರಿಸಿಕೊಳ್ಳಲೂ ಇಲ್ಲ. ಹತ್ತೊಂಬತ್ತು ವರ್ಷ ಆ ಕಿಡಿ ಬೂದಿಯೊಳಗೆ ಇತ್ತು. ಕಲ್ಲಿದ್ದಲು ಮತ್ತು ಅನಿಲದ ನಿಕ್ಷೇಪಗಳು ದೊರೆತು ಆಳುವ ಪಕ್ಷದ ಸುತ್ತ ಸಂಪತ್ತು ಸೇರತೊಡಗಿದ ಕಾಲಕ್ಕೆ, 2013ರಲ್ಲಿ, ಮಧ್ಯ ಪ್ರಾಂತ್ಯಗಳ ಹೆದ್ದಾರಿಯಲ್ಲಿ ಮತ್ತೆ ಗುಂಡು ಹಾರಿತು. ವಯಸ್ಸಾದ ಡ್ಲಕಾಮಾ ಗೊರೊಂಗೊಜಾ ಬೆಟ್ಟಗಳಿಗೆ ಮರಳಿದ. 2018ರಲ್ಲಿ ಅಲ್ಲಿಯೇ ತೀರಿಕೊಂಡ. ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ 2017ರಲ್ಲಿ ಎದ್ದ ದಂಗೆಯ ಬೇರು ಬೇರೆಯದು. ಅದನ್ನು ಇದರೊಡನೆ ಬೆರೆಸಬಾರದು.

2019ರ ಆಗಸ್ಟಿನಲ್ಲಿ ರಾಜಧಾನಿ ಮಪುಟೊದಲ್ಲಿ ಮತ್ತೊಂದು ಒಪ್ಪಂದವಾಯಿತು. ಮತ್ತೆ ಶಿಬಿರ, ಮತ್ತೆ ಪಟ್ಟಿ. ಐದು ಸಾವಿರಕ್ಕೂ ಹೆಚ್ಚು ಮಂದಿ ಆಯುಧ ಒಪ್ಪಿಸಿದರು. ಗೊರೊಂಗೊಜಾದ ವುಂಡೂಜಿಯಲ್ಲಿದ್ದ ಕೊನೆಯ ನೆಲೆ ಮುಚ್ಚಿದ್ದು 2023ರ ಜೂನ್ ತಿಂಗಳಲ್ಲಿ. ಸಾಲಿನಲ್ಲಿ ನಿಂತವರಲ್ಲಿ ತಲೆ ನರೆತವರು ಬಹಳ ಮಂದಿ. ಹುಡುಗರಾಗಿ ಕಾಡು ಸೇರಿ ಅಜ್ಜಂದಿರಾಗಿ ಹೊರಬಂದವರು. ಈ ಸಲ ಅವರಿಗೆ ಗೊತ್ತುಮಾಡಿದ್ದು ಎರಡು ವರ್ಷದ ಚೀಟಿಯನ್ನಲ್ಲ, ಬದುಕಿರುವವರೆಗೂ ಬರುವ ಪಿಂಚಣಿಯನ್ನು.