ಶಾ, ಜೆಫ್ರಿ

1944- . ಆಸ್ಟ್ರೇಲಿಯ ಮೂಲದ ಮಾಧ್ಯಮ ಕಲಾವಿದ. ವರ್ಚುವಲ್ ರಿಯಾಲಿಟಿಯನ್ನು ಕಲಾಮಾಧ್ಯಮವಾಗಿ ರೂಢಿಗೆ ತಂದ ಮೊದಲ ತಲೆಮಾರಿನವರಲ್ಲಿ ಪ್ರಮುಖ. ಜನನ ಮೆಲ್ಬರ್ನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಮತ್ತು ಕಲಾ ಇತಿಹಾಸವನ್ನೂ ಮಿಲಾನ್, ಲಂಡನ್‌ಗಳಲ್ಲಿ ಶಿಲ್ಪಕಲೆಯನ್ನೂ ಅಭ್ಯಾಸ ಮಾಡಿದ.

1969ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗೆಳೆಯರೊಡನೆ ಇವೆಂಟ್‌ಸ್ಟ್ರಕ್ಚರ್ ರಿಸರ್ಚ್ ಗ್ರೂಪ್ ಕಟ್ಟಿದ. ಗಾಳಿ ತುಂಬಿದ ಬೃಹತ್ ಆಕೃತಿಗಳನ್ನು ಬೀದಿಗೆ, ನೀರಿಗೆ ಇಳಿಸಿ ಜನರನ್ನೇ ಕೃತಿಯೊಳಕ್ಕೆ ಎಳೆದುಕೊಳ್ಳುವುದು ಈ ಗುಂಪಿನ ರೀತಿ. ಪಿಂಕ್ ಫ್ಲಾಯ್ಡ್ ರಾಕ್ ತಂಡದ ಆಲ್ಬಮ್ ಹೊದಿಕೆಗೆಂದು 1976ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಹಾರಿಸಿದ, ಹಗ್ಗ ಕಿತ್ತುಕೊಂಡು ಹೋದ ಗಾಳಿಹಂದಿಯ ವಿನ್ಯಾಸದಲ್ಲೂ ಶಾನ ಪಾಲಿದೆ. ಶಾನ ಹೆಸರು ಕೇಳದವರೂ ಆ ಹಂದಿಯನ್ನು ಬಲ್ಲರು. ಕಲಾಚರಿತ್ರೆಗೆ ಹೆಚ್ಚು ಮುಖ್ಯವಾದದ್ದು ಪ್ಯಾರಿಸ್ ಬಿನಾಲೆಯಲ್ಲಿ 1975ರಲ್ಲಿ ತೋರಿಸಿದ ವ್ಯೂಪಾಯಿಂಟ್. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಪರದೆಯೊಂದರ ಮೇಲೆ ಬಿದ್ದ ಸ್ಲೈಡ್ ಚಿತ್ರಗಳು ನಿಗದಿತ ಕಿಂಡಿಯಿಂದ ನೋಡುವವನಿಗೆ ಮಾತ್ರ ಕಾಣುತ್ತಿದ್ದವು. ಎದುರಿನ ಕೋಣೆಯಲ್ಲಿ ಇಲ್ಲದ ಘಟನೆ ಅಲ್ಲಿಯೇ ನಡೆದಂತೆ ತೋರುತ್ತಿತ್ತು. ಗಣಕವನ್ನೇ ಬಳಸದ ಈ ಕೃತಿಯನ್ನು ಇಂದಿನ ಆಗ್ಮೆಂಟೆಡ್ ರಿಯಾಲಿಟಿಯ ಪೂರ್ವರೂಪವೆಂದು ಗಣಿಸಬಹುದು.

ಶಾನಿಗೆ ಹೆಸರು ತಂದದ್ದು ಡಿರ್ಕ್ ಗ್ರೂನೆವೆಲ್ಟ್ ಜೊತೆ ರಚಿಸಿದ ದಿ ಲೆಜಿಬಲ್ ಸಿಟಿ. ದೊಡ್ಡ ಪರದೆಯ ಮುಂದೆ ನೆಟ್ಟ ಸೈಕಲ್ಲನ್ನು ಪ್ರೇಕ್ಷಕ ತುಳಿಯುತ್ತಾನೆ. ಪೆಡಲಿನ ವೇಗ ಮತ್ತು ಹ್ಯಾಂಡಲಿನ ತಿರುವನ್ನು ಗಣಕ ಗ್ರಹಿಸಿ ದೃಶ್ಯವನ್ನು ಆ ಕ್ಷಣವೇ ಬದಲಿಸುತ್ತದೆ. ಬೀದಿಗಳ ನಕ್ಷೆ ನಿಜವಾದದ್ದು, ಕಟ್ಟಡಗಳ ಜಾಗದಲ್ಲಿ ಮಾತ್ರ ಘನಾಕಾರದ ಅಕ್ಷರಗಳು. ಮ್ಯಾನ್‌ಹ್ಯಾಟನ್ ಆವೃತ್ತಿಯಲ್ಲಿ (1989) ಹಲವು ಕಾಲ್ಪನಿಕ ಸ್ವಗತಗಳಿದ್ದು ಒಂದೊಂದಕ್ಕೂ ಒಂದೊಂದು ಬಣ್ಣ. ಬಣ್ಣ ಹಿಡಿದು ಹೋದರೆ ಒಂದೇ ಕಥೆ ಸಿಗುತ್ತದೆ, ಅಡ್ಡ ಬೀದಿಗೆ ಹೊರಳಿದರೆ ವಾಕ್ಯ ತುಂಡಾಗುತ್ತದೆ. ಆಮ್‌ಸ್ಟರ್‌ಡ್ಯಾಮ್ ಆವೃತ್ತಿಯಲ್ಲಿ (1990) ಪಠ್ಯ ಬಂದದ್ದು ನಗರದ ಹಳೆಯ ದಾಖಲೆಗಳಿಂದ, ಅಕ್ಷರಗಳ ಎತ್ತರ ಅಲ್ಲಿನ ಮನೆಗಳ ಅಳತೆಯಿಂದ. ಮೂರನೆಯದು ಜರ್ಮನಿಯ ಕಾರ್ಲ್ಸ್‌ರೂಹೆಯದು (1991). ತಲೆಗೆ ಸಾಧನ ತೊಡಿಸಿ ನೋಡುಗನನ್ನು ಸುತ್ತಲಿನಿಂದ ಬೇರ್ಪಡಿಸುವುದೇ ವರ್ಚುವಲ್ ರಿಯಾಲಿಟಿ ಎಂಬ ಭಾವನೆ ಬಲವಾಗಿದ್ದ ಆ ವರ್ಷಗಳಲ್ಲಿ ಶಾ ಮೈ ಬೆವರಿಸುವ ದಾರಿಯನ್ನು ಆರಿಸಿಕೊಂಡದ್ದು ಗಮನಾರ್ಹ. ಇಲ್ಲಿ ಒಬ್ಬ ತುಳಿಯುತ್ತಿದ್ದರೆ ಉಳಿದವರು ನಿಂತು ನೋಡಬಹುದು.

1991ರಿಂದ 2003ರವರೆಗೆ ಕಾರ್ಲ್ಸ್‌ರೂಹೆಯ ಜಡ್‌ಕೆಎಂ ಎಂಬ ಕಲೆ, ಮಾಧ್ಯಮಗಳ ಕೇಂದ್ರದ ದೃಶ್ಯಮಾಧ್ಯಮ ಸಂಸ್ಥೆಯ ಸ್ಥಾಪಕ ನಿರ್ದೇಶಕನಾಗಿದ್ದ. ಅನಂತರ ಸಿಡ್ನಿಯಲ್ಲಿ ಐಸಿನಿಮಾ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿ 2009ರಲ್ಲಿ ಹಾಂಗ್‌ಕಾಂಗ್ ಸಿಟಿ ವಿಶ್ವವಿದ್ಯಾಲಯಕ್ಕೆ ಡೀನ್ ಆಗಿ ಹೋದ.

ಕನ್ನಡಿಗರಿಗೆ ಹತ್ತಿರದ ಕೃತಿ ಪ್ಲೇಸ್-ಹಂಪಿ (2006). ಇದರ ಬೇರು 1995ರ ಪ್ಲೇಸ್: ಎ ಯೂಸರ್ಸ್ ಮ್ಯಾನ್ಯುಯಲ್ ಎಂಬ ಕೃತಿಯಲ್ಲಿದೆ. ಸಿಲಿಂಡರಿನಂಥ ವೃತ್ತಾಕಾರದ ಪರದೆ, ನಡುವೆ ಮೋಟರಿನಿಂದ ತಿರುಗುವ ವೇದಿಕೆ. ನಿಂತವನು ವೇದಿಕೆಯನ್ನು ತಿರುಗಿಸಿದಂತೆ ಚಿತ್ರದ ಕಿಟಕಿಯೂ ಪರದೆಯ ಮೇಲೆ ಸರಿಯುತ್ತದೆ. ಸಾರಾ ಕೆಂಡರ್‌ಡೈನ್ ಜೊತೆ ಮಾಡಿದ ಹಂಪಿಯ ಕೃತಿಯಲ್ಲಿ ಜಾನ್ ಗಾಲಿಂಗ್ಸ್ ತೆಗೆದ ಮೂರು ಆಯಾಮದ ಸುತ್ತುನೋಟದ ಛಾಯಾಚಿತ್ರಗಳು, ಸ್ಥಳದಲ್ಲೇ ಧ್ವನಿಮುದ್ರಿಸಿದ ಸದ್ದುಗಳು, ಎಲ್. ಸುಬ್ರಮಣ್ಯಂ ಅವರ ಸಂಗೀತ ಕೂಡಿವೆ. ಪಾಳುಗುಡಿಗಳ ನಡುವೆ ಅನಿಮೇಷನ್ನಿನ ದೇವತೆಗಳು ಚಲಿಸುತ್ತಾರೆ. ಪುರಾತತ್ತ್ವದ ಕಣ್ಣಿಗೆ ಇದು ಅತಿಯೆನಿಸಬಹುದು. ಆದರೆ ಹಂಪಿ ಇಂದಿಗೂ ಪೂಜೆ, ಯಾತ್ರೆಗಳು ನಡೆಯುವ ಕ್ಷೇತ್ರ, ಬರಿಯ ಅವಶೇಷವಲ್ಲ. ಮೊದಲು ಫ್ರಾನ್ಸಿನ ಲಿಲ್‌ನಲ್ಲಿ ಪ್ರದರ್ಶನಗೊಂಡ ಈ ಕೃತಿ ಮುಂದೆ ಹಂಪಿ ಸಮೀಪದ ತೋರಣಗಲ್ಲಿನ ಕಲಾಧಾಮ ಎಂಬ ಕಲಾಕೇಂದ್ರದಲ್ಲಿ ನೆಲೆ ಕಂಡಿತು.

2015ರಲ್ಲಿ ಆಸ್ಟ್ರಿಯದ ಆರ್ಸ್ ಎಲೆಕ್ಟ್ರಾನಿಕಾ ಸಂಸ್ಥೆ ಮಾಧ್ಯಮ ಕಲೆಯ ದಾರ್ಶನಿಕ ಹರಿಕಾರರಿಗೆ ಮೀಸಲಾದ ಗೋಲ್ಡನ್ ನಿಕಾ ಪ್ರಶಸ್ತಿಯನ್ನು ಈತನಿಗೆ ನೀಡಿತು.